ಹರುಹಿಯ ಕಥೆಗೆ ಬರೀ ತಾರೀಖಿನ ಪಟ್ಟಿ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಅನಿಮೆ ನೋಡಲು ಹೊಸದಾಗಿ ತೊಡಗಿದವರಿಗೆಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಮಾಲಿಕೆಯನ್ನು ಮೊದಲಿನಿಂದಲೂ ಓದುತ್ತಿದ್ದೇನೆ. ಜಪಾನಿನ ಈ ಧಾರಾವಾಹಿಗಳನ್ನು ಮಕ್ಕಳ ಕಾರ್ಟೂನ್ ಎಂದು ಬದಿಗೆ ಸರಿಸದೆ, ಕನ್ನಡದ ದಿನಪತ್ರಿಕೆಯೊಂದು ಅವುಗಳಿಗೂ ಜಾಗ ಕೊಡುತ್ತಿರುವುದು ಮೆಚ್ಚತಕ್ಕ ವಿಷಯ. ಆದರೆ ಕಳೆದ ವಾರ ‘ದ ಮೆಲಂಕಲಿ ಆಫ್ ಹರುಹಿ ಸುಜುಮಿಯಾ’ ಕುರಿತ ಬರಹದ ಪಕ್ಕದಲ್ಲಿ ‘ನೋಡಬೇಕಾದ ಸರಿಯಾದ ಕ್ರಮ’ ಎಂಬ ತಲೆಬರಹದಡಿ ಅಚ್ಚಾದ ಪಟ್ಟಿಯ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ಆ ಪಟ್ಟಿ 28 ಕಂತುಗಳನ್ನು ಕಥೆಯೊಳಗಿನ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿ, ಅದೇ ಮೂಲ ಕ್ರಮವೆಂದು ಹೇಳುತ್ತದೆ. 2006ರಲ್ಲಿ ಕಂತುಗಳು ಹಿಂದೆಮುಂದಾಗಿ ಬಂದದ್ದನ್ನು ಪ್ರಸಾರದ ಗೊಂದಲವೆಂದು ಒಂದೇ ವಾಕ್ಯದಲ್ಲಿ ತಳ್ಳಿಹಾಕುತ್ತದೆ. ಎರಡೂ ಮಾತು ಸರಿಯಲ್ಲ. ಇನ್ನೂ ಈ ಧಾರಾವಾಹಿಯನ್ನು ನೋಡದವರು ಗಮನಿಸಬೇಕಾದ ಸಂಗತಿಯೊಂದಿದೆ: ಕಾಲದ ಲೆಕ್ಕವನ್ನು ಬಿಡಿಸಿ ಹೇಳುವಾಗ ಕಥೆಯ ಗುಟ್ಟುಗಳನ್ನು ಮುಚ್ಚಿಡಲು ಬರುವುದಿಲ್ಲ, ಆದ್ದರಿಂದ ಅಂಥವರು ಈ ಪತ್ರವನ್ನು ಇಲ್ಲಿಗೇ ಬಿಟ್ಟರೂ ನನಗೆ ಬೇಸರವಿಲ್ಲ.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇನೆ. ತಾನಿಗಾವಾ ನಾಗಾರು ಅವರ ಕಾದಂಬರಿಗಳನ್ನು ಆಧರಿಸಿ ಕ್ಯೋಟೊ ಆನಿಮೇಷನ್ ಸಂಸ್ಥೆ ತಯಾರಿಸಿದ ಈ ಧಾರಾವಾಹಿ 2006ರ ಏಪ್ರಿಲ್‌ನಲ್ಲಿ ಪ್ರಸಾರವಾಗಲು ಶುರುವಾಗಿ ಜುಲೈ ಆರಂಭಕ್ಕೆ 14 ಕಂತುಗಳಲ್ಲಿ ಮುಗಿಯಿತು. ಮೊದಲ ವಾರ ಟಿವಿ ಹಾಕಿದವರಿಗೆ ಕಂಡದ್ದು ಶಾಲೆಯ ಹುಡುಗರು ಕೈಗೆ ಸಿಕ್ಕ ಕ್ಯಾಮೆರಾದಲ್ಲಿ ತೆಗೆದ, ನಟಿಗೆ ಸಂಭಾಷಣೆ ಮರೆತುಹೋಗುವ, ಚೌಕಟ್ಟು ಅಲುಗಾಡುವ, ನಡುವೆ ಊರಿನ ಎಲೆಕ್ಟ್ರಿಕ್ ಅಂಗಡಿಯ ಜಾಹೀರಾತು ಬರುವ ಒಂದು ಕೆಟ್ಟ ಸಿನಿಮಾ. ಇವರೆಲ್ಲ ಯಾರು, ಬೆಕ್ಕು ಯಾಕೆ ಮಾತಾಡುತ್ತದೆ, ಹಿನ್ನೆಲೆಯಲ್ಲಿ ಬೇಸತ್ತ ದನಿಯಲ್ಲಿ ವಿವರಣೆ ಕೊಡುತ್ತಿರುವ ಹುಡುಗ ಯಾರು ಎಂಬ ಯಾವ ಪ್ರಶ್ನೆಗೂ ಆ ಕಂತು ಉತ್ತರ ಕೊಡಲಿಲ್ಲ. ಕಥೆಯ ಕಾಲದಲ್ಲಿ ಅದು ಆ 14ರ ಪೈಕಿ 11ನೆಯದು. ಹರುಹಿ ಎಂಬ ಹುಡುಗಿ ಹೈಸ್ಕೂಲಿಗೆ ಸೇರಿ, ತರಗತಿಯಲ್ಲಿ ಎದ್ದುನಿಂತು, ಸಾಧಾರಣ ಮನುಷ್ಯರಲ್ಲಿ ತನಗೆ ಆಸಕ್ತಿಯಿಲ್ಲವೆಂದು ಸಾರುವ ನಿಜವಾದ ಆರಂಭ ಬಂದದ್ದು ಎರಡನೆಯ ವಾರ.

ಇದು ಗೊಂದಲದಿಂದ ಆದದ್ದಲ್ಲ ಎನ್ನುವುದಕ್ಕೆ ಸಾಕ್ಷಿ ಧಾರಾವಾಹಿಯ ಒಳಗೇ ಇದೆ. ಪ್ರತಿ ಕಂತಿನ ಕೊನೆಯಲ್ಲಿ ಮುಂದಿನ ವಾರದ ಮುನ್ನೋಟ ಬರುವಾಗ ಹರುಹಿ ಒಂದು ಸಂಖ್ಯೆ ಹೇಳುತ್ತಾಳೆ, ಕಥೆಯನ್ನು ನಿರೂಪಿಸುವ ಕ್ಯೋನ್ ತಕ್ಷಣ ಅದನ್ನು ತಿದ್ದಿ ಇನ್ನೊಂದು ಸಂಖ್ಯೆ ಹೇಳುತ್ತಾನೆ. ಅವಳದು ಕಥೆಯ ಕಾಲದ ಸಂಖ್ಯೆ, ಅವನದು ಪ್ರಸಾರದ ಸಂಖ್ಯೆ. ಅಂದರೆ ಬೇಕಾದವರು ಪೆನ್ನು ಹಿಡಿದು ಕೂತು ಕಾಲಾನುಕ್ರಮವನ್ನು ಬರೆದುಕೊಳ್ಳಲಿ ಎಂದು ತಯಾರಕರೇ ಪ್ರತಿವಾರವೂ ಒಂದೊಂದು ಸುಳಿವನ್ನು ಕೈಗೆ ಕೊಡುತ್ತಿದ್ದರು. ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಟ್ಟವರನ್ನು ಕಂತುಗಳನ್ನು ಕಲಸಿದವರೆಂದು ನಿಮ್ಮ ಲೇಖಕರು ಬರೆದದ್ದು ಅನ್ಯಾಯ.

ಪ್ರಸಾರದ ಕ್ರಮ ಏನನ್ನು ಸಾಧಿಸಿತು ಎನ್ನುವುದನ್ನೂ ನೋಡಬೇಕು. ‘ಮೆಲಂಕಲಿ’ ಎಂಬ ಮೂಲಕಥೆ ಆರು ಭಾಗಗಳದ್ದು. 2006ರಲ್ಲಿ ಅವು 2, 3, 5, 10, 13 ಮತ್ತು 14ನೆಯ ಕಂತುಗಳಾಗಿ ಚದುರಿ ಬಂದವು. ನಡುವಿನ ಖಾಲಿ ಜಾಗಗಳಲ್ಲಿ ಜೂನ್ ತಿಂಗಳ ಬೇಸ್‌ಬಾಲ್ ಪಂದ್ಯ, ಬೇಸಿಗೆ ರಜೆಯ ದ್ವೀಪ ಪ್ರವಾಸ, ನವೆಂಬರ್‌ನ ಶಾಲಾ ಉತ್ಸವ ಮುಂತಾದವು ತುಂಬಿಕೊಂಡವು. ಹೀಗಾಗಿ ಮೇ ತಿಂಗಳಲ್ಲೇ ನಡೆದುಹೋದ ಒಂದು ಘಟನೆ, ಅಂದರೆ ತನಗೇ ತಿಳಿಯದೆ ಜಗತ್ತನ್ನು ಬದಲಿಸಬಲ್ಲ ಹರುಹಿಯ ಬೇಸರಕ್ಕೆ ಜಗತ್ತೇ ಹೊಸದಾಗಿ ಹುಟ್ಟಬೇಕಾದ ಸ್ಥಿತಿ ಬಂದು, ಕ್ಯೋನ್ ಅವಳನ್ನು ವಾಪಸ್ ಕರೆತರುವ ದೃಶ್ಯ, ಕೊನೆಯ ವಾರದ ಕೊನೆಯ ನಿಮಿಷಗಳಿಗೆ ಸರಿಯಾಗಿ ಬಂದು ನಿಂತಿತು. ಆ ಹೊತ್ತಿಗೆ ಹರುಹಿ ಶಾಲೆಯಲ್ಲಿ ಕಟ್ಟಿದ ಸಂಘದ ಐವರು ಮುಂದೆ ಯಾವ ಬೇಸಿಗೆ ಕಳೆಯಲಿದ್ದಾರೆ, ಯಾವ ವೇದಿಕೆಯಲ್ಲಿ ಹರುಹಿ ಹಾಡಲಿದ್ದಾಳೆ ಎನ್ನುವುದೆಲ್ಲ ನೋಡುಗರಿಗೆ ಗೊತ್ತಿತ್ತು. ಅವನು ಉಳಿಸಿಕೊಳ್ಳಲು ಹೊರಟದ್ದು ಏನನ್ನು ಎಂಬುದು ಅವನಿಗಿಂತ ಚೆನ್ನಾಗಿ ನೋಡುಗರಿಗೇ ತಿಳಿದಿತ್ತು. ತಾರೀಖಿನ ಕ್ರಮದಲ್ಲಿ ನೋಡಿದರೆ ಇದೇ ದೃಶ್ಯ ಆರನೆಯ ಕಂತಿನಲ್ಲಿ ಮುಗಿದುಹೋಗುತ್ತದೆ, ಉಳಿದದ್ದೆಲ್ಲ ಊಟವಾದ ಮೇಲೆ ಬಡಿಸಿದ ಉಪ್ಪಿನಕಾಯಿಯಂತೆ ಕಾಣುತ್ತದೆ.

ದ್ವೀಪದ ಕಥೆಯ ಎರಡು ಭಾಗಗಳನ್ನೂ ಹೀಗೆಯೇ ಬೇಕೆಂದೇ ಕತ್ತರಿಸಲಾಗಿತ್ತು. ಮೊದಲ ಭಾಗ ಆರನೆಯ ವಾರ ಬಂದು ಕೊಲೆಯೊಂದು ನಡೆದಂತೆ ಕಾಣುವಲ್ಲಿ ನಿಂತಿತು. ಏಳನೆಯ ವಾರ ಅದಕ್ಕಿಂತ ಹಿಂದೆ, ಜುಲೈನಲ್ಲಿ ನಡೆದ ಕಂಪ್ಯೂಟರ್ ಸಂಘದ ಅಧ್ಯಕ್ಷ ಕಾಣೆಯಾದ ಕಥೆ ಬಂತು. ಕೊಲೆಯ ಉತ್ತರ ಎಂಟನೆಯ ವಾರಕ್ಕೆ ಹೋಯಿತು. ವಾರ ವಾರ ಕಾದು ನೋಡುತ್ತಿದ್ದವರನ್ನು ಸತಾಯಿಸುವ ಈ ಚೇಷ್ಟೆ ಹರುಹಿಯ ಸ್ವಭಾವಕ್ಕೆ ಒಪ್ಪುವಂಥದ್ದೇ ಎಂದು ನನಗನಿಸುತ್ತದೆ. ನಮ್ಮ ಕಡೆಯ ಓದುಗರಿಗೆ ಇದೇನೂ ವಿಚಿತ್ರವೆನಿಸಬೇಕಾಗಿಲ್ಲ; ಮಹಾಭಾರತವನ್ನು ನಾವು ಕೇಳುವುದೇ ಮರಿಮಗ ಜನಮೇಜಯನ ಯಾಗಶಾಲೆಯಿಂದ, ಯುದ್ಧದಲ್ಲಿ ಯಾರು ಉಳಿದರು ಎನ್ನುವುದು ಗೊತ್ತಾದ ಮೇಲೆ.

ಮೂಲ ಕಾದಂಬರಿಗಳಾದರೂ ತಾರೀಖಿನ ಕ್ರಮದಲ್ಲಿ ಬಂದವೇ ಎಂದರೆ ಅದೂ ಇಲ್ಲ. ಮೊದಲ ಪುಸ್ತಕ 2003ರ ಜೂನ್‌ನಲ್ಲಿ ಬಂತು, ಅದು ಏಪ್ರಿಲ್‌–ಮೇ ತಿಂಗಳುಗಳ ಕಥೆ. ಎರಡನೆಯದು ಒಮ್ಮೆಲೇ ನವೆಂಬರ್‌ನ ಉತ್ಸವಕ್ಕೆ ನಡೆಸುವ ಸಿನಿಮಾ ತಯಾರಿಗೆ ಜಿಗಿಯುತ್ತದೆ. ಮೂರನೆಯದು ಜೂನ್–ಜುಲೈಗೆ ಹಿಂದಿರುಗುವ ಸಣ್ಣಕಥೆಗಳ ಸಂಕಲನ. 2004ರ ಆಗಸ್ಟ್‌ನಲ್ಲಿ ಬಂದ ನಾಲ್ಕನೆಯದು, ‘ಡಿಸಪಿಯರೆನ್ಸ್’, ಡಿಸೆಂಬರ್‌ನ ಕಥೆ. ಆ ಬಳಿಕ ಬಂದ ಐದನೆಯ ಪುಸ್ತಕದ ಮೊದಲ ಕಥೆ ಮತ್ತೆ ಆಗಸ್ಟ್‌ ತಿಂಗಳಿಗೆ ಹೋಗುತ್ತದೆ, ಅದೇ ‘ಎಂಡ್‌ಲೆಸ್ ಏಟ್’. ಲೇಖಕರೇ ಹೀಗೆ ಹಿಂದೆಮುಂದೆ ನಡೆದಿರುವಾಗ, ತಾರೀಖಿನ ಸಾಲನ್ನು ಮೂಲವೆನ್ನಲು ಯಾವ ಆಧಾರವೂ ಉಳಿಯುವುದಿಲ್ಲ. 28 ಕಂತುಗಳ ತಾರೀಖಿನ ಸಾಲು ಹುಟ್ಟಿದ್ದು 2009ರ ಮರುಪ್ರಸಾರದಲ್ಲಿ. ಹಳೆಯ 14ರ ನಡುನಡುವೆ ಹೊಸ 14 ಕಂತುಗಳನ್ನು ಸೇರಿಸಿ ಆಗ ಹಾಗೆ ಜೋಡಿಸಿದರು. ಅದು ಇನ್ನೊಂದು ಒಳ್ಳೆಯ ಕ್ರಮವೇ ಹೊರತು ತಿದ್ದುಪಡಿಯಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕಾಲಾನುಕ್ರಮ ಕಟ್ಟುವುದು ಬೇಡವೆಂದು ನಾನು ಹೇಳುತ್ತಿಲ್ಲ. ಈ ಧಾರಾವಾಹಿಯ ಅರ್ಧ ಸಂತೋಷ ಇರುವುದೇ ಅದರಲ್ಲಿ, ಆದರೆ ಅದನ್ನು ನೋಡುಗರು ತಾವಾಗಿ ಕಟ್ಟಿಕೊಳ್ಳಬೇಕು. ಅದಕ್ಕೆ ಮೊದಲು ಬೇಕಾದದ್ದು ಜಪಾನಿನ ಶಾಲೆಯ ವರ್ಷದ ಪರಿಚಯ. ನಮ್ಮಲ್ಲಿ ಶಾಲೆ ತೆರೆಯುವುದು ಮೇ ಕೊನೆಗೋ ಜೂನ್‌ಗೋ ಆದ್ದರಿಂದ ಹೊಸ ತರಗತಿ ಎಂದ ಕೂಡಲೇ ನಮ್ಮ ಮನಸ್ಸು ಮಳೆಗಾಲಕ್ಕೆ ಹೋಗುತ್ತದೆ. ಅಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ, ಜುಲೈ ಕೊನೆಯ ಭಾಗದಿಂದ ಆಗಸ್ಟ್ ಮುಗಿಯುವವರೆಗೆ ಬೇಸಿಗೆ ರಜೆ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಹರುಹಿಯ ಸಂಘ ಸ್ಥಾಪನೆಯಾದದ್ದು ಜುಲೈ ಎಂದು ಅಚ್ಚಾಗಿರುವುದಕ್ಕೆ ಈ ವ್ಯತ್ಯಾಸವೇ ಕಾರಣವಿರಬಹುದು. ಅದು ಮೇ ತಿಂಗಳ ಘಟನೆ. ಏಪ್ರಿಲ್ ಕೊನೆ ಮತ್ತು ಮೇ ಆರಂಭದ ರಜೆಗಳ ಸಾಲು ಮುಗಿದು ತರಗತಿ ಮತ್ತೆ ಶುರುವಾದ ದಿನ ಕ್ಯೋನ್ ಅವಳ ಜಡೆಯ ಬಗ್ಗೆ ಕೇಳುತ್ತಾನೆ, ಸಂಘದ ಯೋಚನೆ ಅವಳ ತಲೆಗೆ ಹೊಳೆಯುವುದು ಆ ಮಾತುಕತೆಗಳು ಬೆಳೆದ ಮೇಲೆ.

ಆ ಜಡೆಯ ವಿಷಯ ಇಡೀ ಧಾರಾವಾಹಿಯಲ್ಲೇ ಅತ್ಯಂತ ಚೆಂದದ ಕಾಲಸೂಚಿ. ಸೋಮವಾರ ಹರುಹಿ ಕೂದಲನ್ನು ಕಟ್ಟದೆ ಬಿಟ್ಟುಕೊಂಡು ಬರುತ್ತಾಳೆ. ಮಂಗಳವಾರ ಒಂದು ಕಡೆ ಕಟ್ಟುತ್ತಾಳೆ, ಬುಧವಾರ ಎರಡು, ಗುರುವಾರ ಮೂರು, ಶುಕ್ರವಾರ ನಾಲ್ಕು. ಹಿಂದಿನ ಬೆಂಚಿನಲ್ಲಿ ಕೂತವಳ ತಲೆಯನ್ನು ವಾರಗಟ್ಟಲೆ ಗಮನಿಸಿ ಈ ಲೆಕ್ಕ ಹಿಡಿದವನು ಕ್ಯೋನ್. ಅವನು ಅದನ್ನು ಬಾಯಿಬಿಟ್ಟು ಕೇಳಿದ ಮಾರನೆಯ ದಿನವೇ ಅವಳು ಉದ್ದ ಕೂದಲನ್ನು ಕತ್ತರಿಸಿಕೊಂಡು ಬರುತ್ತಾಳೆ. ಆ ಆರಂಭದ ವಾರಗಳ ಯಾವುದೇ ದೃಶ್ಯದಲ್ಲಿ ಗೋಡೆಯ ಕ್ಯಾಲೆಂಡರ್ ಕಾಣಬೇಕಾಗಿಲ್ಲ, ಹರುಹಿಯ ರಿಬ್ಬನ್‌ಗಳನ್ನು ಎಣಿಸಿದರೆ ವಾರ ಗೊತ್ತಾಗುತ್ತದೆ. ಕೂದಲು ಗಿಡ್ಡವಾದ ಮೇಲೆ ಆ ಸುಳಿವು ಇಲ್ಲವಾಗುತ್ತದೆ, ಆಗ ಬಟ್ಟೆಯನ್ನು ನೋಡಬೇಕು. ಜೂನ್ ಆರಂಭದಲ್ಲಿ ಬೇಸಿಗೆಯ ಸಮವಸ್ತ್ರಕ್ಕೂ ಅಕ್ಟೋಬರ್ ಆರಂಭದಲ್ಲಿ ಚಳಿಗಾಲದ ಸಮವಸ್ತ್ರಕ್ಕೂ ಬದಲಾಗುವುದು ಜಪಾನಿನ ಶಾಲೆಗಳ ವಾಡಿಕೆ, ಆದ್ದರಿಂದ ಅರೆತೋಳು ಕಂಡರೆ ಆ ನಾಲ್ಕು ತಿಂಗಳೊಳಗೆ ಹುಡುಕಬೇಕು.

ಇನ್ನೂ ಸಣ್ಣ ಸುಳಿವುಗಳಿವೆ. 2006ರಲ್ಲಿ ಒಂಬತ್ತನೆಯದಾಗಿ ಬಂದ ‘ಸಮ್‌ಡೇ ಇನ್ ದ ರೈನ್’ ಕಂತಿನಲ್ಲಿ ಕ್ಯೋನ್ ಮಳೆಯಲ್ಲಿ ಹೋಗಿ ಎಲೆಕ್ಟ್ರಿಕ್ ಅಂಗಡಿಯಿಂದ ಕೊಠಡಿ ಬೆಚ್ಚಗಾಗಿಸುವ ಹೀಟರ್ ಹೊತ್ತು ತರುತ್ತಾನೆ. ಚಳಿ ಶುರುವಾಗಿದೆ ಎನ್ನುವುದು ಅದರಿಂದ ಗೊತ್ತಾಗುವ ಮೊದಲ ಸಂಗತಿ. ಆ ಹೀಟರ್ ಬಿಟ್ಟಿಯಾಗಿ ಸಿಕ್ಕಿದ್ದೇಕೆಂದರೆ ಉತ್ಸವದ ಸಿನಿಮಾದಲ್ಲಿ ಆ ಅಂಗಡಿಯ ಜಾಹೀರಾತು ತೋರಿಸಿದ್ದರು. ಮೊದಲ ವಾರ ತಮಾಷೆಯೆನಿಸಿದ ಆ ಜಾಹೀರಾತಿನ ಫಲ ಎರಡು ತಿಂಗಳ ಬಳಿಕ ಹೀಗೆ ಕೈಸೇರುತ್ತದೆ, ನೋಡುಗನಿಗೆ ಇದು ಸಿನಿಮಾ ಕಂತಿಗಿಂತ ಈಚಿನದೆಂದು ಖಚಿತವಾಗುತ್ತದೆ. ನಾಗಾತೊ ಎಂಬ ಹುಡುಗಿ ಮೂಲೆಯಲ್ಲಿ ಕೂತು ಪುಸ್ತಕ ಓದುವುದನ್ನು ಬಿಟ್ಟರೆ ಬೇರೇನೂ ನಡೆಯದ, ಹೊರಗಿನಿಂದ ನಾಟಕ ಸಂಘದವರ ಅಭ್ಯಾಸದ ದನಿ ಮಾತ್ರ ಕೇಳಿಬರುವ ದೀರ್ಘ ದೃಶ್ಯವಿರುವುದು ಇದೇ ಕಂತಿನಲ್ಲಿ. ಕಾದಂಬರಿಗಳಲ್ಲಿ ಇಲ್ಲದ ಈ ಕಂತನ್ನು ತಾನಿಗಾವಾ ಅವರೇ ಧಾರಾವಾಹಿಗಾಗಿ ಬರೆದರು. ನಿಮ್ಮ ಬರಹ ಇದನ್ನು ‘ಬಿಡಬಹುದಾದ ಕಂತು’ ಎಂದು ಗುರುತು ಹಾಕಿದೆ!

ಈಗ ತಾರೀಖಿನ ಪಟ್ಟಿಗೆ ನಿಜವಾದ ಪೇಚು ಬರುವ ಜಾಗಕ್ಕೆ ಬರುತ್ತೇನೆ. ಕಥೆ ಇಂಥ ಇಸವಿಯಲ್ಲಿ ನಡೆಯುತ್ತದೆ ಎಂದು ಪಾತ್ರಗಳು ಹೇಳುವುದಿಲ್ಲ. ಅವರೆಲ್ಲರ ಲೆಕ್ಕಕ್ಕೆ ಮೂಲವಾದದ್ದು ‘ಮೂರು ವರ್ಷದ ಹಿಂದೆ’ ಎಂಬ ಮಾತು. ಅನ್ಯಗ್ರಹದ ಶಕ್ತಿಯೊಂದು ಕಳುಹಿಸಿದ ನಾಗಾತೊ, ಭವಿಷ್ಯದಿಂದ ಬಂದ ಅಸಾಹಿನಾ, ವಿಶೇಷ ಶಕ್ತಿಯುಳ್ಳ ಕೊಯಿಜುಮಿ ಈ ಮೂವರೂ ಬೇರೆ ಬೇರೆ ವಿವರಣೆ ಕೊಟ್ಟರೂ, ಮೂರು ವರ್ಷದ ಹಿಂದೆ ಹರುಹಿಯ ಸುತ್ತ ಏನೋ ಆಯಿತು ಎನ್ನುವಲ್ಲಿ ಒಂದಾಗುತ್ತಾರೆ. ಹೈಸ್ಕೂಲಿನ ಮೊದಲ ವರ್ಷದಿಂದ ಮೂರು ವರ್ಷ ಹಿಂದೆ ಎಂದರೆ ಅವಳು ಮಿಡಲ್ ಸ್ಕೂಲಿನ ಮೊದಲ ವರ್ಷದಲ್ಲಿದ್ದಳು. ಇದಕ್ಕೆ ಕೊಂಚ ಮುಂಚಿನ ನೆನಪೊಂದನ್ನು ಅವಳೇ ರೈಲ್ವೆ ಗೇಟಿನ ಬಳಿ ಕ್ಯೋನ್‌ಗೆ ಹೇಳುತ್ತಾಳೆ: ಆರನೆಯ ತರಗತಿಯಲ್ಲಿದ್ದಾಗ ಮನೆಯವರ ಜೊತೆ ಬೇಸ್‌ಬಾಲ್ ನೋಡಲು ಹೋಗಿ, ಕ್ರೀಡಾಂಗಣ ತುಂಬಿದ್ದ ಸುಮಾರು ಐವತ್ತು ಸಾವಿರ ಜನರನ್ನು ಕಂಡು ದಂಗಾಗಿ, ಮನೆಗೆ ಬಂದು ಲೆಕ್ಕ ಹಾಕಿದರೆ ಅವರೆಲ್ಲ ಸೇರಿ ಜಪಾನಿನ ಜನಸಂಖ್ಯೆಯ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ಎಂದು ತಿಳಿದ ದಿನ. ತಾನು ವಿಶೇಷವೇನೂ ಅಲ್ಲ ಎಂದು ಅವಳಿಗೆ ಅರಿವಾದದ್ದು ಆಗ. ಮೇ ತಿಂಗಳ ಈ ಮಾತುಕತೆ 2006ರಲ್ಲಿ 13ನೆಯ ವಾರಕ್ಕೆ ಬಂತು, ಅವಳು ಊರಿನ ಪಂದ್ಯಾವಳಿಗೆ ಎಲ್ಲರನ್ನೂ ಎಳೆದುಕೊಂಡು ಹೋಗಿ ಬೇಸ್‌ಬಾಲ್ ಆಡಿಸಿದ ಜೂನ್‌ನ ಕಂತು ನಾಲ್ಕನೆಯ ವಾರವೇ ಆಗಿಹೋಗಿತ್ತು.

ಮೂರು ವರ್ಷದ ಹಿಂದಿನ ಜುಲೈ 7, ಅಂದರೆ ತಾನಾಬಾತಾ ಹಬ್ಬದ ರಾತ್ರಿ, ಈ ಕಥೆಯ ಗಂಟು ಬಿದ್ದಿರುವ ಜಾಗ. 2009ರಲ್ಲಿ ಬಂದ ‘ಬ್ಯಾಂಬೂ ಲೀಫ್ ರಾಪ್ಸೊಡಿ’ ಕಂತಿನಲ್ಲಿ ಅಸಾಹಿನಾ ಕ್ಯೋನ್‌ನನ್ನು ಆ ರಾತ್ರಿಗೆ ಕರೆದೊಯ್ಯುತ್ತಾಳೆ. ಅವನು ಮಿಡಲ್ ಸ್ಕೂಲಿನ ಹರುಹಿ ಹೇಳಿದಂತೆ ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ಚಿಹ್ನೆಗಳನ್ನು ಬರೆದುಕೊಟ್ಟು, ಹೆಸರು ಕೇಳಿದಾಗ ಜಾನ್ ಸ್ಮಿತ್ ಎನ್ನುತ್ತಾನೆ. ವಾಪಸ್ ಬರುವ ದಾರಿ ತಪ್ಪಿದಾಗ ಅವರಿಬ್ಬರೂ ಹೋಗುವುದು ಅದೇ ಊರಿನಲ್ಲಿ ಆಗಲೇ ಒಬ್ಬಳೇ ಇದ್ದ ನಾಗಾತೊಳ ಮನೆಗೆ. ಅವಳು ಪಕ್ಕದ ಕೋಣೆಯಲ್ಲಿ ಇಬ್ಬರನ್ನೂ ಮಲಗಿಸಿ ಆ ಕೋಣೆಯ ಕಾಲವನ್ನೇ ಮೂರು ವರ್ಷ ನಿಲ್ಲಿಸಿಬಿಡುತ್ತಾಳೆ. ಇದನ್ನು ನೋಡಿದ ಮೇಲೆ ಮೊದಲ ಕಂತುಗಳಿಗೆ ಹಿಂದಿರುಗಿ, ಸಂಘದ ಕೋಣೆಯಲ್ಲಿ ಕ್ಯೋನ್ ನಾಗಾತೊಳನ್ನು ‘ಮೊದಲ ಸಲ’ ಕಾಣುವ ದೃಶ್ಯವನ್ನು ನೋಡಬೇಕು. ಅವನಿಗೆ ಅವಳು ಅಪರಿಚಿತೆ. ಅವಳಿಗೆ ಅವನು ಮೂರು ವರ್ಷದಿಂದ ತನ್ನ ಮನೆಯ ಕೋಣೆಯಲ್ಲಿ ಮಲಗಿರುವ ಮನುಷ್ಯ. ಆ ಕ್ಷಣದಲ್ಲೂ ಅವನು ಅಲ್ಲಿ ಮಲಗಿಯೇ ಇದ್ದಾನೆ. ತಾರೀಖಿನ ಪಟ್ಟಿಯಲ್ಲಿ ಈ ಕಂತಿಗೆ ‘ಜುಲೈ 7’ ಎಂಬ ಒಂದು ಸಾಲು ಕೊಟ್ಟು ಕೈತೊಳೆದುಕೊಂಡರೆ ಇದ್ಯಾವುದೂ ಕಾಣುವುದಿಲ್ಲ.

‘ಎಂಡ್‌ಲೆಸ್ ಏಟ್’ ವಿಷಯದಲ್ಲಿ ನಿಮ್ಮ ಪಟ್ಟಿ ಮಾಡಿರುವ ತಪ್ಪು ಇನ್ನೂ ದೊಡ್ಡದು. ಆ ಎಂಟು ಕಂತುಗಳ ಮುಂದೆ ‘600 ವರ್ಷ’ ಎಂದು ಬರೆದು, ಅನಂತರದ ಘಟನೆಗಳೆಲ್ಲ ಅಷ್ಟು ಕಾಲದ ಬಳಿಕ ನಡೆಯುತ್ತವೆ ಎನ್ನುವಂತೆ ಬಾಣದ ಗುರುತು ಹಾಕಿದ್ದೀರಿ. ಕ್ಯಾಲೆಂಡರ್ ಒಂದು ದಿನವೂ ಮುಂದೆ ಹೋಗುವುದಿಲ್ಲ ಎನ್ನುವುದೇ ಆ ಕಥೆಯ ಸ್ವಾರಸ್ಯ. ಆಗಸ್ಟ್ 17ರಿಂದ 31ರವರೆಗಿನ ದಿನಗಳು ಹರುಹಿಗೆ ಏನೋ ಬಾಕಿ ಉಳಿದಂತೆನಿಸುವ ಕಾರಣ ಮತ್ತೆ ಮತ್ತೆ ಮೊದಲಾಗುತ್ತವೆ. ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ರಜೆಯ ಹೋಮ್‌ವರ್ಕ್ ಮುಗಿಸಿದಾಗ ಮಾರನೆಯ ದಿನ ಸೆಪ್ಟೆಂಬರ್ 1 ಬರುತ್ತದೆ, ಅದೇ ವರ್ಷದ ಸೆಪ್ಟೆಂಬರ್. ಎರಡನೆಯ ಭಾಗದಲ್ಲಿ ನಾಗಾತೊ ಹೇಳುವ ಸಂಖ್ಯೆ 15,498; ಎಂಟನೆಯ ಭಾಗದ ಹೊತ್ತಿಗೆ ಅದು 15,532 ಆಗಿರುತ್ತದೆ. 15,498ನ್ನು ಎರಡು ವಾರದಂತೆ ಗುಣಿಸಿದರೆ 2,16,972 ದಿನ, ಅಂದರೆ 594 ವರ್ಷ, ಧಾರಾವಾಹಿಯಲ್ಲಿ ಹೇಳುವುದೂ ಇದನ್ನೇ. ಹುಡುಕುಬುದ್ಧಿಯವರು 17 ಮತ್ತು 31 ಎರಡನ್ನೂ ಸೇರಿಸಿ ಎಣಿಸಿದರೆ ಒಂದು ಸುತ್ತಿಗೆ 15 ದಿನವಾಗುತ್ತದೆ, ಆಗ 636 ವರ್ಷ ದಾಟುತ್ತದೆ; ಆ ಜಗಳವನ್ನು ಅಭಿಮಾನಿಗಳಿಗೇ ಬಿಡೋಣ. ಮುಖ್ಯವಾದದ್ದು ಇಷ್ಟು: ಈ ವರ್ಷಗಳು ಯಾವ ಗೋಡೆ ಕ್ಯಾಲೆಂಡರಿನಲ್ಲೂ ಇಲ್ಲ, ಎಲ್ಲವನ್ನೂ ನೆನಪಿಟ್ಟುಕೊಂಡವಳು ನಾಗಾತೊ ಒಬ್ಬಳೇ. ಅವಳಿಗೆ ಮಾತ್ರ ಆಗಸ್ಟ್ 17ಕ್ಕೂ ಸೆಪ್ಟೆಂಬರ್ 1ಕ್ಕೂ ನಡುವೆ ಆರು ಶತಮಾನದಷ್ಟು ಅಂತರ.

2009ರ ಜೂನ್‌ನಿಂದ ಆಗಸ್ಟ್‌ವರೆಗೆ ಎಂಟು ವಾರ ಇದೇ ಕಥೆಯನ್ನು ಪ್ರಸಾರ ಮಾಡಿದಾಗ ನೋಡುಗರು ಸಿಟ್ಟಾದದ್ದು ಸಹಜ. ಆದರೆ ನಿಮ್ಮ ಬರಹ ಹೇಳುವಂತೆ ಒಂದೇ ಕಂತನ್ನು ಎಂಟು ಸಲ ಹಾಕಿದ್ದಲ್ಲ. ಎಂಟನ್ನೂ ಬೇರೆಬೇರೆಯಾಗಿ ಚಿತ್ರಿಸಿ, ಪ್ರತಿ ಸಲವೂ ಹೊಸದಾಗಿ ಧ್ವನಿ ಕೊಡಿಸಿದ್ದರು. ಉಡುಪು, ಕ್ಯಾಮೆರಾದ ಕೋನ, ಮಾತಿನ ಏರಿಳಿತ ಎಲ್ಲವೂ ಬದಲಾಗುತ್ತವೆ. ಎಂಟನ್ನೂ ನೋಡಲೇಬೇಕೆಂದು ನಾನು ಯಾರಿಗೂ ಹಟ ಹಿಡಿಯಲಾರೆ, ನಾಲ್ಕನೆಯದಕ್ಕೇ ನನ್ನ ತಾಳ್ಮೆ ತೀರಿತ್ತು. ಆದರೂ ನಾಗಾತೊಳ ಮುಖವನ್ನಷ್ಟೇ ಗಮನಿಸುತ್ತ ನೋಡಿದರೆ, ಡಿಸೆಂಬರ್‌ನಲ್ಲಿ ಆಗಲಿರುವುದಕ್ಕೆ ಕಾರಣ ಎಲ್ಲಿ ಹುಟ್ಟಿತೆಂದು ಊಹಿಸಲು ಸಾಧ್ಯವಾಗುತ್ತದೆ.

ಆ ಡಿಸೆಂಬರ್‌ನ ಕಥೆಯೇ 2010ರ ಫೆಬ್ರವರಿಯಲ್ಲಿ ಬಂದ, ಎರಡೂವರೆ ತಾಸು ಮೀರುವ ‘ಡಿಸಪಿಯರೆನ್ಸ್’ ಚಲನಚಿತ್ರ. ತಾರೀಖಿನ ಪಟ್ಟಿ ಪೂರ್ತಿ ಸೋಲುವುದು ಇಲ್ಲಿ. ಡಿಸೆಂಬರ್ 18ರ ಬೆಳಿಗ್ಗೆ ಕ್ಯೋನ್ ಶಾಲೆಗೆ ಹೋದರೆ ಹರುಹಿ ಇರಬೇಕಾದ ಜಾಗದಲ್ಲಿ ಇನ್ನೊಬ್ಬಳಿದ್ದಾಳೆ, ಅಸಾಹಿನಾಗೆ ಅವನ ಗುರುತಿಲ್ಲ, ನಾಗಾತೊ ನಾಚಿಕೆಯ ಸಾಧಾರಣ ಹುಡುಗಿಯಾಗಿದ್ದಾಳೆ. 20ನೆಯ ತಾರೀಖು ಸಂಘದ ಕೋಣೆಯ ಹಳೆಯ ಕಂಪ್ಯೂಟರಿನ ಎಂಟರ್ ಕೀ ಒತ್ತಿ ಅವನು ತಲುಪುವುದು ಎಲ್ಲಿಗೆ? ಅದೇ ಮೂರು ವರ್ಷದ ಹಿಂದಿನ ಜುಲೈ 7ರ ರಾತ್ರಿಗೆ. ನಾಗಾತೊಳ ಮನೆಗೆ ಅವನು ಹೋದಾಗ, ಬೇಸಿಗೆಯಲ್ಲಿ ಬಂದಿದ್ದ ಹಿಂದಿನ ಕ್ಯೋನ್ ಪಕ್ಕದ ಕೋಣೆಯಲ್ಲಿ ಕಾಲ ನಿಂತ ಸ್ಥಿತಿಯಲ್ಲಿ ಮಲಗಿದ್ದಾನೆ. ಒಂದೇ ಮನೆಯಲ್ಲಿ ಒಬ್ಬನೇ ಮನುಷ್ಯ ಇಬ್ಬರಾಗಿ ಇರುವ ಆ ರಾತ್ರಿಯನ್ನು ಪಟ್ಟಿಯ ಯಾವ ಸಾಲಿಗೆ ಸೇರಿಸುವುದು? ಅಲ್ಲಿಂದ ಅವನು ಡಿಸೆಂಬರ್ 18ರ ಮುಂಜಾವಿಗೆ ಬಂದು, ಕೊನೆಗೆ ಆಸ್ಪತ್ರೆಯಲ್ಲಿ ಕಣ್ಣು ಬಿಡುವಾಗ 21 ಆಗಿರುತ್ತದೆ. ಉಳಿದವರ ಪ್ರಕಾರ ಅವನು 18ರಂದು ಮೆಟ್ಟಿಲಿನಿಂದ ಬಿದ್ದು ಮೂರು ದಿನ ಎಚ್ಚರವಿಲ್ಲದೆ ಮಲಗಿದ್ದ. ಅವನ ನೆನಪಿನಲ್ಲಿ ಅದೇ 18, 19 ಮತ್ತು 20 ಬೇರೊಂದು ಜಗತ್ತಿನಲ್ಲಿ ಓಡಾಡಿ ಕಳೆದ ದಿನಗಳು. ಎರಡೂ ನಿಜ. ನಿಮ್ಮ ಪಟ್ಟಿ ‘ಡಿಸೆಂಬರ್ 18–21: ಕ್ಯೋನ್ ಆಸ್ಪತ್ರೆಯಲ್ಲಿ’ ಎಂದು ಬರೆದು ಚಲನಚಿತ್ರದ ಬಹುಪಾಲನ್ನು ಕನಸಿನ ಲೆಕ್ಕಕ್ಕೆ ಹಾಕಿಬಿಟ್ಟಿದೆ.

ಇನ್ನೊಂದು ಸಣ್ಣ ತಪ್ಪನ್ನು ಬೇಗ ಮುಗಿಸುತ್ತೇನೆ. 2015ರಲ್ಲಿ ಬಂದ ‘ದ ಡಿಸಪಿಯರೆನ್ಸ್ ಆಫ್ ನಾಗಾತೊ ಯೂಕಿ-ಚಾನ್’ ಧಾರಾವಾಹಿಯನ್ನು ಪಟ್ಟಿಯ ಕೊನೆಗೆ ಮುಂದಿನ ವರ್ಷದ ಕಥೆ ಎಂದು ಸೇರಿಸಲಾಗಿದೆ. ಅದು ಬೇರೆ ಸಂಸ್ಥೆ ತಯಾರಿಸಿದ, ಬೇರೊಂದು ಮಂಗಾವನ್ನು, ಅಂದರೆ ಜಪಾನಿ ಚಿತ್ರಕಥೆಯ ಪುಸ್ತಕವನ್ನು ಆಧರಿಸಿದ ಉಪಕಥೆ. ಆ ಬದಲಾದ ಜಗತ್ತಿನ ನಾಚಿಕೆಯ ನಾಗಾತೊಳಂಥವಳನ್ನೇ ನಾಯಕಿಯಾಗಿಟ್ಟುಕೊಂಡು ಪ್ರತ್ಯೇಕವಾಗಿ ಬೆಳೆಸಿದ್ದು. ಈ ಕಾಲಗಣನೆಗೆ ಅದರ ಸಂಬಂಧವಿಲ್ಲ.

ಕ್ರಮದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಓದುಗರು ಕೇಳಬಹುದು. ಈ ಪ್ರಶ್ನೆ ಗಣಿತದವರೆಗೂ ಹೋಗಿದೆ. ಈ 14 ಕಂತುಗಳನ್ನು ಸಾಧ್ಯವಿರುವ ಎಲ್ಲ ಕ್ರಮಗಳಲ್ಲೂ, ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುತ್ತ ನೋಡಿ ಮುಗಿಸಲು ಕಡಿಮೆಯೆಂದರೆ ಎಷ್ಟು ಕಂತು ನೋಡಬೇಕಾದೀತು ಎಂದು 2011ರಲ್ಲಿ ಅಂತರಜಾಲದಲ್ಲಿ ಚರ್ಚೆಯಾದಾಗ, ಹೆಸರು ಹೇಳದ ಒಬ್ಬರು ಅದಕ್ಕೊಂದು ಗಣಿತದ ರುಜುವಾತನ್ನು ಬರೆದು ಹೋದರು. ಅದರ ಪ್ರಕಾರ 9,388 ಕೋಟಿ 43 ಲಕ್ಷ 13 ಸಾವಿರದ 611ಕ್ಕಿಂತ ಕಡಿಮೆಯಾಗಲು ಸಾಧ್ಯವಿಲ್ಲ. ಗಣಿತಜ್ಞರು ಆ ರುಜುವಾತನ್ನು ಗಮನಿಸಿದ್ದು 2018ರಲ್ಲಿ. ಸೂಪರ್‌ಪರ್ಮ್ಯುಟೇಶನ್ ಎಂದು ಕರೆಯುವ ಲೆಕ್ಕದಲ್ಲಿ ಅದು ನಿಜವಾದ ಮುನ್ನಡೆಯೆಂದು ಗೊತ್ತಾಗಿ, ಅದನ್ನು ಪ್ರಬಂಧದ ರೂಪಕ್ಕೆ ತಂದವರು ಆ ಅನಾಮಿಕರನ್ನೇ ಮೊದಲ ಲೇಖಕರೆಂದು ದಾಖಲಿಸಿದರು.

ನನ್ನ ಕೋರಿಕೆ ಇಷ್ಟೇ. ಪಟ್ಟಿಯನ್ನು ಮರುಮುದ್ರಿಸುವುದಾದರೆ ಒಂದು ಕಲಮಿನ ಬದಲು ಮೂರು ಕಲಮುಗಳಿರಲಿ: ಮೊದಲನೆಯದರಲ್ಲಿ 2006 ಮತ್ತು 2009ರ ಪ್ರಸಾರದ ಸಂಖ್ಯೆ, ಎರಡನೆಯದರಲ್ಲಿ ಕಥೆಯ ತಾರೀಖು, ಮೂರನೆಯದರಲ್ಲಿ ಕ್ಯೋನ್ ಆ ದಿನಗಳನ್ನು ಅನುಭವಿಸಿದ ಸಾಲು. ಜಾಗವಿದ್ದರೆ ನಾಗಾತೊಳಿಗೂ ಒಂದು ಕಲಂ ಕೊಡಬಹುದು, ಅದರಲ್ಲಿ ಆಗಸ್ಟ್ ತಿಂಗಳೇ ಪುಟ ತುಂಬೀತು. ಮೂರು ವರ್ಷದ ಹಿಂದಿನ ಜುಲೈ 7ಕ್ಕೆ ಎರಡು ಸಾಲು, ಡಿಸೆಂಬರ್ 18, 19 ಮತ್ತು 20ಕ್ಕೆ ಎರಡೆರಡು ಸಾಲು ಬೇಕು. ಅದರ ಮೇಲೆ ‘ಸರಿಯಾದ ಕ್ರಮ’ ಎಂಬ ತಲೆಬರಹ ಬೇಡ, ‘ನೋಡಿ ಮುಗಿಸಿದವರಿಗೆ’ ಎಂದಿರಲಿ.

ಹೊಸಬರಿಗೆ ಬೇರೆಯದೇ ಸಲಹೆ ಬೇಕು: 2006ರ 14 ಕಂತುಗಳನ್ನು ಆಗ ಬಂದ ಕ್ರಮದಲ್ಲೇ ನೋಡಲಿ, ಮೊದಲ ಕಂತು ಅರ್ಥವಾಗದಿದ್ದರೂ ಬಿಡದಿರಲಿ. ಆಮೇಲೆ 2009ರ ತಾನಾಬಾತಾ ಕಂತು, ‘ಎಂಡ್‌ಲೆಸ್ ಏಟ್’ನಲ್ಲಿ ತಾಳ್ಮೆಯಿದ್ದಷ್ಟು ಮತ್ತು ಎಂಟನೆಯದು, ಸಿನಿಮಾ ತಯಾರಿಯ ಐದು ಕಂತುಗಳು, ಎಲ್ಲಕ್ಕಿಂತ ಕೊನೆಗೆ ಚಲನಚಿತ್ರ. ಆನ್‌ಲೈನ್ ವೇದಿಕೆಗಳಲ್ಲಿ 28 ಕಂತುಗಳು 2009ರ ಕ್ರಮದಲ್ಲಿ ಸಿಗುವಾಗ 2006ರ ಕ್ರಮಕ್ಕೆ ಹೀಗೆ ಆರಿಸಿಕೊಳ್ಳಬೇಕು: 25, 1, 2, 7, 3, 10, 9, 11, 28, 4, 27, 26, 5, 6.

ಇತಿ ತಮ್ಮ ವಿಶ್ವಾಸಿ,
ಪುರವಣಿಯ ಓದುಗ, ಶಿವಮೊಗ್ಗ